ವಿಂಡಿ ಆ್ಯಪ್: ಲಕ್ಷದ್ವೀಪದ ಮಂಜಿಗಳ ಜೊತೆ ಎಂಟು ಸೀಸನ್ ಬಳಸಿದ ಮೇಲೆ

ಸಿಮೆಂಟ್ ಮೂಟೆ ಎರಡು ದಿನ ಕಾಯುತ್ತದೆ, ಟೊಮೆಟೊ ಕಾಯುವುದಿಲ್ಲ. ಗಾಳಿ, ಮಳೆ, ಅಲೆಯ ಮುನ್ಸೂಚನೆ ತೋರಿಸುವ ಈ ಆ್ಯಪ್ ನಾನು ಹಾಕಿಕೊಂಡದ್ದು ಇಷ್ಟಕ್ಕೇ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ, ಅಂದರೆ ಮರದ ಹಡಗುಗಳಿಗೆ, ಸರಕು ತುಂಬಿಸುವ ಲೆಕ್ಕ ನನ್ನದು. ತರಕಾರಿ, ಜಲ್ಲಿ, ಹೆಂಚು, ಕೆಲವೊಮ್ಮೆ ಆಡು. ಅಮಿನಿ ದ್ವೀಪ ಇಲ್ಲಿಂದ ಸುಮಾರು 300 ಕಿ.ಮೀ. ಮಂಜಿಯ ವೇಗಕ್ಕೆ ಒಂದು ಹಗಲು, ಒಂದು ರಾತ್ರಿ ಬೇಕು. ಗಾಳಿ ಎದ್ದರೆ ನಡುವೆ ಆಸರೆಗೆ ಒಂದು ಮರಳದಿಬ್ಬವೂ ಸಿಗುವುದಿಲ್ಲ. (ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಜಿಲ್ಲೆ ಬೇರೆಯಾಯಿತು, ವ್ಯಾಪಾರ ಬೇರೆಯಾಗಲಿಲ್ಲ.)

2017ರ ಡಿಸೆಂಬರಿನಲ್ಲಿ ಶುರು ಮಾಡಿದ್ದು, ಓಖಿ ಚಂಡಮಾರುತ ಹೆದರಿಸಿದ ಮೇಲೆ. ನವೆಂಬರ್ 29ರ ಬೆಳಿಗ್ಗೆ ಅದು ಶ್ರೀಲಂಕಾ ಬದಿಯ ಒಂದು ವಾಯುಭಾರ ಕುಸಿತ, ಅಷ್ಟೇ. ಮರುದಿನ ಬೆಳಿಗ್ಗೆಗೆ ಕನ್ಯಾಕುಮಾರಿ ಹತ್ತಿರ ಹೆಸರಿಟ್ಟ ಚಂಡಮಾರುತ. ಡಿಸೆಂಬರ್ 1, 2ಕ್ಕೆ ಲಕ್ಷದ್ವೀಪದ ಮೇಲೆ. ಸಂಜೆಯ ವಾರ್ತೆ ಕೇಳಿ ಮಂಜಿ ಬಿಡುವ ಕಾಲ ಮುಗಿಯಿತು ಎಂದು ಆಗಲೇ ಅನ್ನಿಸಿತು.

ವಿಂಡಿ ಚೆಕ್ ದೇಶದ್ದು. ಇವೊ ಲುಕಾಚೊವಿಚ್ ಎಂಬವರು 2014ರಲ್ಲಿ ಶುರು ಮಾಡಿದ್ದು. ಹವಾಮಾನವನ್ನು ಅದು ತಾನೇ ಲೆಕ್ಕ ಹಾಕುವುದಿಲ್ಲ. ಯುರೋಪಿನ ಇಸಿಎಂಡಬ್ಲ್ಯುಎಫ್, ಅಮೆರಿಕದ ಜಿಎಫ್‌ಎಸ್, ಜರ್ಮನಿಯ ಐಕಾನ್ ಎಂಬ ಮಾಡೆಲ್‌ಗಳು (ಕಂಪ್ಯೂಟರಿನಲ್ಲಿ ಹವಾಮಾನ ಲೆಕ್ಕ ಹಾಕುವ ವ್ಯವಸ್ಥೆಗಳು) ಹಾಕಿದ ಲೆಕ್ಕವನ್ನು ಹರಿಯುವ ಗೆರೆಗಳಾಗಿ ತೋರಿಸುತ್ತದೆ. ಒಂದು ಜಾಗ ಒತ್ತಿ ಹಿಡಿದು ಹೋಲಿಕೆ ತೆರೆದರೆ ಎಲ್ಲವೂ ಒಂದರ ಕೆಳಗೊಂದು ಬರುತ್ತವೆ. ಮೂರೂ ಒಂದೇ ಮಾತು ಹೇಳಿದರೆ ಲಾರಿ ಕರೆಸುತ್ತೇನೆ. ಮೂರು ಮೂರು ದಿಕ್ಕಿಗೆ ಹೋದರೆ ಒಂದು ಚಾ ಕುಡಿದು ಮುಂದಿನ ಲೆಕ್ಕಕ್ಕೆ ಕಾಯುತ್ತೇನೆ. ನಮ್ಮ ಬೆಳಿಗ್ಗೆ 5.30ರ ಸ್ಥಿತಿ ಇಟ್ಟುಕೊಂಡು ಮಾಡಿದ ಯುರೋಪಿನ ಲೆಕ್ಕ ಫೋನಿಗೆ ಬರುವಾಗ ಮಧ್ಯಾಹ್ನದ ಊಟದ ಹೊತ್ತು. ಬೆಳಿಗ್ಗೆ ಎದ್ದು ನೋಡುವುದು ಹಳೆ ಲೆಕ್ಕ. ಇದು ಗೊತ್ತಾಗಲು ನನಗೆ ಒಂದು ಇಡೀ ಸೀಸನ್ ಹಿಡಿಯಿತು.

ಗಾಳಿಗೆ ಕಣ್ಣುಮುಚ್ಚಿ ಐದು ನಕ್ಷತ್ರ ಕೊಡುತ್ತೇನೆ. ತೆರೆದ ಸಮುದ್ರದಲ್ಲಿ ಮೂರು ದಿನ ಮುಂಚಿನ ಗಾಳಿಯ ಲೆಕ್ಕ ಮಂಜಿ ನಡೆಸುವ ತಾಂಡೇಲರ ಅನುಭವದೊಂದಿಗೆ ಚೆನ್ನಾಗಿಯೇ ತಾಳೆಯಾಗುತ್ತದೆ.

ಮಳೆಗೆ ಎರಡು. ಅದು ಆ್ಯಪಿನ ತಪ್ಪಲ್ಲ. ಈ ಮೂರರಲ್ಲಿ ಸೂಕ್ಷ್ಮವಾದ ಯುರೋಪಿನ ಮಾಡೆಲ್ ಭೂಮಿಯನ್ನು 9 ಕಿ.ಮೀ. ಚೌಕಗಳಾಗಿ ನೋಡುತ್ತದೆ, ಅಂದರೆ ಒಂದು ಚೌಕ 81 ಚದರ ಕಿ.ಮೀ. ಲಕ್ಷದ್ವೀಪದ 36 ದ್ವೀಪಗಳ ನೆಲವನ್ನೆಲ್ಲ ಗುಡ್ಡೆ ಹಾಕಿದರೂ 32 ಚದರ ಕಿ.ಮೀ. ಒಂದು ಚೌಕದ ಅರ್ಧವೂ ತುಂಬದು! ಮಾಡೆಲ್ ಪಾಲಿಗೆ ಅಲ್ಲಿ ಬರೀ ನೀರು. ಆ್ಯಪಿನ ನಕ್ಷೆಯಲ್ಲಿ ಕವರತ್ತಿ ದ್ವೀಪದ ಮೇಲೆ ನೀಲಿ ಮಳೆ ಬಿದ್ದಿರುವಾಗ ಅಲ್ಲಿಯವರು ಫೋನಿನಲ್ಲಿ "ಎಂಥ ಮಳೆ ಮಾರಾಯ್ರೆ, ಮೀನು ಒಣಗಿಸ್ತಾ ಇದ್ದೇವೆ" ಎಂದದ್ದುಂಟು.

ಇನ್ನು ಕಳ್ಳಕಡಲು. ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕಾಗಿ. ಮಲಯಾಳದಲ್ಲಿ ಕಳ್ಳಕ್ಕಡಲ್ ಅನ್ನುತ್ತಾರೆ, ನಮಗೆ ಅರ್ಥ ಹೇಳಬೇಕಾಗಿಲ್ಲ. ಊರಲ್ಲಿ ಗಾಳಿ ಇಲ್ಲ, ಆಕಾಶ ತೊಳೆದಿಟ್ಟಂತೆ, ಆದರೂ ಸಮುದ್ರ ಏರಿ ಬರುತ್ತದೆ. ಸಾವಿರಾರು ಕಿ.ಮೀ. ದಕ್ಷಿಣದ ಬಿರುಗಾಳಿ ಎಬ್ಬಿಸಿದ ತೆರೆ, ಅಂದರೆ ಸ್ವೆಲ್, ದಿನಗಟ್ಟಲೆ ನಡೆದು ಇಲ್ಲಿಗೆ ಮುಟ್ಟುತ್ತದೆ. 2024ರ ಮಾರ್ಚ್ 31ರಂದು ಕೇರಳದ ಕರಾವಳಿಯ ಮನೆಗಳಿಗೆ ನುಗ್ಗಿದ್ದು ಇದೇ.

ನನಗೆ ಪಾಠವಾದದ್ದು ಅದಕ್ಕೂ ಮೊದಲು, ಒಂದು ಏಪ್ರಿಲಿನಲ್ಲಿ. ಗಾಳಿ 8 ನಾಟ್ (ಗಂಟೆಗೆ ಸುಮಾರು 15 ಕಿ.ಮೀ.), ಅಲೆ ಒಂದೂವರೆ ಮೀಟರಿಗಿಂತ ಕಡಿಮೆ, ಹೊರಡಿ ಅಂದೆ. ತಾಂಡೇಲರು ಸ್ವಲ್ಪ ಅನುಮಾನಿಸಿದರು, ನಾನು ಫೋನ್ ತೋರಿಸಿದೆ. ನೋಡದೆ ಬಿಟ್ಟದ್ದು ಸ್ವೆಲ್ ಪದರ: ಅಲ್ಲಿ ಪೀರಿಯಡ್ 17 ಸೆಕೆಂಡ್ ಇತ್ತು. ಎರಡು ತೆರೆಗಳ ನಡುವೆ ಅಷ್ಟು ಹೊತ್ತು ಇದ್ದರೆ ತೆರೆ ಗಿಡ್ಡವಾದರೂ ಅದರ ಹಿಂದೆ ಬರುವ ನೀರು ಬಹಳ. ನಡುಸಮುದ್ರದಲ್ಲಿ ಅದು ತೊಟ್ಟಿಲು ತೂಗಿದ ಹಾಗೆ. ಹವಳದ ದಿಬ್ಬಕ್ಕೆ ತಾಗಿದ ಕೂಡಲೇ ಎದ್ದು ನಿಲ್ಲುತ್ತದೆ. ಅಲ್ಲಿನ ಲಗೂನ್‌ಗಳು, ಅಂದರೆ ಹವಳದ ದಿಬ್ಬದ ಒಳಗಿನ ಶಾಂತ ನೀರು, ಹೆಚ್ಚಾಗಿ ಪಶ್ಚಿಮದ ಬದಿಗಿವೆ, ತೆರೆ ಬರುವುದೂ ನೈಋತ್ಯದಿಂದ. ಮಂಜಿ ಒಳಗೆ ಹೋಗಲಾಗದೆ ಎರಡು ದಿನ ಹೊರಗೇ ತೇಲಿತು. ಟೊಮೆಟೊ ಕಥೆ ಹೇಳುವುದಿಲ್ಲ. ತಾಂಡೇಲರು ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಈಗ ಪೀರಿಯಡ್ 14 ದಾಟಿದರೆ ತರಕಾರಿ ಇಳಿಸುತ್ತೇನೆ. ಇದು ನನ್ನದೇ ಅಂದಾಜು, ಯಾರ ನಿಯಮವೂ ಅಲ್ಲ. ಜೊತೆಗೆ ಹೈದರಾಬಾದಿನ ಇಂಕಾಯಿಸ್ ಎಂಬ ಸಮುದ್ರ ಮಾಹಿತಿ ಸಂಸ್ಥೆಯ ಸ್ವೆಲ್ ಎಚ್ಚರಿಕೆ ನೋಡುತ್ತೇನೆ.

ಚಂಡಮಾರುತದ ದಾರಿ ತೋರಿಸುವ ಭಾಗ ಚೆನ್ನಾಗಿದೆ, ಆದರೆ ಗೆರೆಯನ್ನೇ ನೋಡುತ್ತಾ ಕೂರಬಾರದು. 2021ರ ಮೇ 14ರಂದು ಲಕ್ಷದ್ವೀಪದ ಬಳಿ ಹುಟ್ಟಿದ ತೌಕ್ತೆ 17ರ ರಾತ್ರಿ ನೆಲ ಮುಟ್ಟಿದ್ದು ಗುಜರಾತಿನಲ್ಲಿ. ಅದರ ಕಣ್ಣು ನಮ್ಮ ತೀರಕ್ಕೆ ಬರಲೇ ಇಲ್ಲ. ಆದರೂ ಮೂಲ್ಕಿ ಹತ್ತಿರ ಬಂಡೆಗೆ ಸಿಕ್ಕಿಕೊಂಡ ಟಗ್‌ನಿಂದ (ಹಡಗು ಎಳೆಯುವ ದೋಣಿ) 9 ಮಂದಿಯನ್ನು ಕಾಪಾಡಿ ತರಬೇಕಾಯಿತು. ಬಂದರಿನ ಕಂಬಕ್ಕೆ ಬಿರುಗಾಳಿ ಎಚ್ಚರಿಕೆಯ 3ನೇ ನಂಬರ್ ಸಿಗ್ನಲ್ ಏರಿತೆಂದರೆ ನಾನು ಆ್ಯಪ್ ತೆರೆಯುವುದೇ ಇಲ್ಲ. ಹವಾಮಾನ ಇಲಾಖೆ ಬೇಡ ಅಂದ ಮೇಲೆ ಬೇಡ.

ದುಡ್ಡಿನ ವಿಷಯ: ಉಚಿತದಲ್ಲಿ ಮೂರು ಗಂಟೆಗೊಂದು ಲೆಕ್ಕ, ಚಂದಾ ಕಟ್ಟಿದರೆ ಗಂಟೆಗೊಂದು. ನಮ್ಮ ಕೆಲಸಕ್ಕೆ ಉಚಿತವೇ ಸಾಕು. ನಡುಸಮುದ್ರದಲ್ಲಿ ಮೊಬೈಲ್ ನೆಟ್ ಇಲ್ಲ, ಹೊರಡುವ ಮೊದಲು ನಾಲ್ಕು ಸ್ಕ್ರೀನ್‌ಶಾಟ್ ತೆಗೆದು ತಾಂಡೇಲರ ಫೋನಿಗೆ ಕಳಿಸಿಬಿಡಿ.

ಮೊದಲೆಲ್ಲ ದ್ವೀಪದಲ್ಲಿ ಸ್ಯಾಟಲೈಟ್ ನೆಟ್, ನಕ್ಷೆ ತೆರೆಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ನಾನೇ ಇಲ್ಲಿಂದ ನೋಡಿ ಹೇಳುತ್ತಿದ್ದೆ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಶುರುವಾಯಿತು. ಈಗ ಅಮಿನಿಯ ವ್ಯಾಪಾರಿ ಕಾಕನೇ ಬೆಳಿಗ್ಗೆ ಫೋನ್ ಮಾಡುತ್ತಾರೆ: "ಪೀರಿಯಡ್ 16 ಉಂಟು, ಟೊಮೆಟೊ ಬೇಡ, ನೀರುಳ್ಳಿ ಹಾಕಿ."