ಬೇಸ್‌ಗೆ ಫ್ಲಾಟ್‌ವೌಂಡ್: ಸೌಂಡ್ ಆಮೇಲೆ, ಮೊದಲು ಬಿಗಿ ನೋಡಿ

ಬೇಸ್ ಗಿಟಾರ್‌ಗೆ ಫ್ಲಾಟ್‌ವೌಂಡ್ ತಂತಿ ಕೊಳ್ಳಲು ಹೊರಟವರು ಕೇಳುವ ಮೊದಲ ಪ್ರಶ್ನೆ, ‘ಯಾವುದರ ಸೌಂಡ್ ಚೆನ್ನಾಗಿದೆ?’ ಉತ್ತರ ಕೊಡುವವರಿಗೇನೂ ಬರವಿಲ್ಲ. ಸೆಟ್ ಮನೆಗೆ ಬರುತ್ತದೆ, ಹಾಕಿದ್ದೂ ಆಗುತ್ತದೆ. ಹದಿನೈದು ದಿನಕ್ಕೆ ಎಡಗೈ ಮಣಿಕಟ್ಟು ನೋಯುತ್ತದೆ, ನೆಕ್ ಬಿಲ್ಲಿನಂತೆ ಬಾಗಿರುತ್ತದೆ, ಕೊನೆಗೆ ಹಳೆಯ ರೌಂಡ್‌ವೌಂಡೇ (ಹೊರಗೆ ಗುಂಡು ತಂತಿ ಸುತ್ತಿದ ಮಾಮೂಲಿ ಬಗೆ) ವಾಪಸ್ ಏರುತ್ತದೆ. ಅಷ್ಟು ಹೊತ್ತಿಗೆ ಎರಡು ಮೂರು ರೌಂಡ್‌ವೌಂಡ್ ಸೆಟ್‌ನ ದುಡ್ಡು ಕೈಬಿಟ್ಟಿರುತ್ತದೆ. ಫ್ಲಾಟ್ ಆರಿಸುವಾಗ ಮೊದಲು ನೋಡಬೇಕಾದ್ದು ಬಿಗಿ ಮತ್ತು ಗಡಸು. ನಾದದ ಮಾತು ಅದಾದ ಮೇಲೆ.

ಇಲ್ಲಿ ತೂಗಿ ನೋಡಿರುವುದು ನಾಲ್ಕು ಸೆಟ್‌ಗಳನ್ನು: ಲಾ ಬೆಲ್ಲಾ ಡೀಪ್ ಟಾಕಿಂಗ್ ಬೇಸ್ (760ಎಫ್‌ಎಸ್), ಥೋಮಾಸ್ಟಿಕ್ ಜಾಝ್ ಫ್ಲಾಟ್ಸ್ (ಜೆಎಫ್344), ಡಿ'ಅಡಾರಿಯೊ ಕ್ರೋಮ್ಸ್ (ಇಸಿಬಿ81) ಮತ್ತು ರೋಟೋಸೌಂಡ್ ಜಾಝ್ ಬೇಸ್ 77 (ಆರ್‌ಎಸ್77ಎಲ್‌ಡಿ). ನಾಲ್ಕೂ 34 ಇಂಚು ಸ್ಕೇಲಿನ (ಅಂದರೆ ತಂತಿ ಕಂಪಿಸುವ ಉದ್ದದ) ನಾಲ್ಕು ತಂತಿಯ ಬೇಸ್‌ಗೆ, ಫೆಂಡರ್ ಕಂಪನಿಯ ಪ್ರೆಸಿಷನ್ ಅಥವಾ ಜಾಝ್ ಬೇಸ್ ಮಾದರಿಗೆ.

ಫ್ಲಾಟ್ ಅಂದರೆ ಏನೆಂದು ಗೊತ್ತಿದ್ದವರು ಈ ಪ್ಯಾರಾ ಬಿಡಬಹುದು. ಒಳಗೆ ಉಕ್ಕಿನ ತಂತಿ, ಅದರ ಸುತ್ತ ಸಣ್ಣ ತಂತಿಯ ಒಂದೆರಡು ಸುತ್ತು, ಹೊರಗೆ ಚಪ್ಪಟೆ ಲೋಹದ ಪಟ್ಟಿ. ಪಟ್ಟಿಯ ಸುತ್ತುಗಳು ಒಂದಕ್ಕೊಂದು ತಾಗಿಕೊಂಡೇ ಕೂತಿರುವುದರಿಂದ ಬೆರಳಿಗೆ ಏಣು ಸಿಗುವುದಿಲ್ಲ, ಜಾರಿಸಿದಾಗ ‘ಕಿರ್’ ಎನ್ನುವುದಿಲ್ಲ. ತಂತಿ ಗಡಸಾಗುವುದರಿಂದ ಮೇಲಿನ ಉಪಸ್ವರಗಳು ಬೇಗ ಸಾಯುತ್ತವೆ, ಮೂಲಸ್ವರ ಉಳಿಯುತ್ತದೆ. ತಂಬೂರಿಯ ಜೀವದಾರ ಮಾಡುವ ಕೆಲಸಕ್ಕೆ ಇದು ಪೂರ್ತಿ ತದ್ವಿರುದ್ಧ. ಪಿಟೀಲಿನ ಸುತ್ತು ತಂತಿಗಳೂ ಇದೇ ಜಾತಿಯವು. ಥೋಮಾಸ್ಟಿಕ್ ಎಂಬ ಹೆಸರು ಬೇಸ್ ನುಡಿಸುವವರಿಗಿಂತ ನಮ್ಮ ಪಿಟೀಲು ವಿದ್ವಾಂಸರಿಗೇ ಹೆಚ್ಚು ಪರಿಚಿತ. ಡಾಮಿನೆಂಟ್ ತಂತಿ ಮಾಡುವ ವಿಯೆನ್ನಾ ಕಂಪನಿ ಅದೇ.

ಬಿಗಿಯ ಲೆಕ್ಕ ಕಷ್ಟದ್ದಲ್ಲ. ಪ್ಯಾಕೆಟ್ ಮೇಲಿನ 45, 65, 85, 105 ಎಂಬ ಅಂಕಿಗಳು ಕ್ರಮವಾಗಿ ಜಿ, ಡಿ, ಎ, ಇ ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ. ಒಂದೇ ಕಂಪನಿಯ ಒಂದೇ ಬಗೆಯ ತಂತಿಯಲ್ಲಿ, ಒಂದೇ ಶ್ರುತಿಗೆ, ಬಿಗಿ ಹೆಚ್ಚುಕಡಿಮೆ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಲಾ ಬೆಲ್ಲಾದಲ್ಲೇ 45ರ ಜಿ ತಂತಿ ಬಿಟ್ಟು 52ರದ್ದು ಹಾಕಿದರೆ ಅಂಕಿ ಏರಿದ್ದು ಬರೀ ಏಳು, ಬಿಗಿ ಏರಿದ್ದು ಮೂರರಲ್ಲೊಂದು ಪಾಲು. ಇ ತಂತಿ 105ರಿಂದ 110ಕ್ಕೆ ಹೋದರೆ ಹತ್ತು ಪರ್ಸೆಂಟ್ ಹತ್ತಿರ. ಬೇಸ್ ಅನ್ನು ಅರ್ಧ ಸ್ವರ ಇಳಿಸಿದರೆ ಹನ್ನೊಂದು ಪರ್ಸೆಂಟ್ ಬಿಗಿ ಇಳಿಯುತ್ತದೆ. ಗಾಯಕರ ಶ್ರುತಿಗೆ ತಕ್ಕಂತೆ ಯಾವಾಗಲೂ ಅರ್ಧ ಇಳಿಸಿಯೇ ನುಡಿಸುವವರು ಒಂದು ಮೆಟ್ಟಿಲು ದಪ್ಪ ಸೆಟ್ ತೆಗೆದುಕೊಂಡರೆ ಸರಿಹೋಗುತ್ತದೆ. ಆದರೆ ಈ ಲೆಕ್ಕ ಕಂಪನಿ ದಾಟಿ ನಡೆಯುವುದಿಲ್ಲ. ಒಳಗಿನ ತಂತಿಯ ದಪ್ಪ, ಹೊರಪಟ್ಟಿಯ ಲೋಹ ಬೇರೆಯಾದರೆ ಅದೇ 100 ಬೇರೆಯದೇ ತೂಕ ತೂಗುತ್ತದೆ. ಬಿಗಿಯ ಅಂಕಿ ಪ್ಯಾಕೆಟ್ ಮೇಲೋ ಕಂಪನಿಯ ಪಟ್ಟಿಯಲ್ಲೋ ಇದ್ದರೆ ಅದನ್ನೇ ಹೋಲಿಸಿ, ದಪ್ಪವನ್ನಲ್ಲ.

ಮೊದಲು ಲಾ ಬೆಲ್ಲಾ. ಫ್ಲಾಟ್ ಎಂದರೆ ಇದೇ ಎಂದು ಜನ ಹೇಳುವುದಕ್ಕೆ ಕಾರಣ ಅಮೆರಿಕದ ಮೋಟೌನ್ ಸ್ಟುಡಿಯೋದ ಬೇಸ್ ವಾದಕ ಜೇಮ್ಸ್ ಜೇಮರ್ಸನ್. 1962ರ ಪ್ರೆಸಿಷನ್ ಬೇಸ್, 52ರಿಂದ 110ರವರೆಗಿನ ಲಾ ಬೆಲ್ಲಾ ತಂತಿ, ಬ್ರಿಜ್ (ಬಾಡಿ ಮೇಲೆ ತಂತಿ ಕಟ್ಟುವ ಭಾಗ) ಮುಚ್ಚಳದ ಕೆಳಗೆ ಸ್ಪಂಜು. ತುಂಡಾಗದ ಹೊರತು ಆತ ತಂತಿ ಬದಲಿಸುತ್ತಿರಲಿಲ್ಲ. ಆ ಸೆಟ್ಟನ್ನು ಕಂಪನಿ 0760ಎಂ ಹೆಸರಿನಲ್ಲಿ ಈಗಲೂ ಮಾರುತ್ತದೆ: 52, 73, 95, 110. ಎಡವುವವರು ಎಡವುವುದು ಇಲ್ಲೇ. ಆ ದಪ್ಪಕ್ಕೆ ಆತನ ಬೆರಳೂ ಬೇಕು, ಟ್ರಸ್ ರಾಡ್‌ನಲ್ಲಿ (ನೆಕ್ ಬಾಗು ಸರಿಪಡಿಸುವ ಒಳಸರಳು) ಇನ್ನೂ ತಿರುಗಲು ಜಾಗ ಉಳಿದಿರುವ ಗಟ್ಟಿ ನೆಕ್ಕೂ ಬೇಕು. ಲಾ ಬೆಲ್ಲಾದಲ್ಲೇ ಮೊದಲ ಫ್ಲಾಟ್ ಹಾಕುವವರು 760ಎಫ್‌ಎಸ್ (45, 65, 85, 105) ತೆಗೆದುಕೊಳ್ಳಿ. ಬೆರಳು ಇನ್ನೂ ಹಗುರ ಕೇಳಿದರೆ 760ಎಫ್‌ಎಲ್ (43, 60, 82, 104). ನಾದ ಮೊದಲ ದಿನದಿಂದಲೇ ಮಾಗಿದಂತಿರುತ್ತದೆ. ಸ್ವರ ‘ಧಂ’ ಎಂದು ಇಳಿಯುತ್ತದೆ, ಬಾಲ ಗಿಡ್ಡ. ಡ್ರಮ್ಸ್‌ನ ಕಿಕ್ ಜೊತೆ ಇಷ್ಟು ಚೆನ್ನಾಗಿ ಬೆರೆಯುವ ಸೆಟ್ ಈ ನಾಲ್ಕರಲ್ಲಿ ಇನ್ನೊಂದಿಲ್ಲ. ಕುಂದು ಎಂದರೆ ಹದಿನೈದನೇ ಫ್ರೆಟ್ ಆಚೆ ಜಿ ತಂತಿಯಲ್ಲಿ ಸ್ವರ ಕೊಂಚ ಮುಗ್ಗಿದಂತೆ ಕೇಳುತ್ತದೆ. ಅಲ್ಲಿ ಸೋಲೋ ನುಡಿಸುವವರಿಗೆ ಇದು ಬೇಡ.

ಥೋಮಾಸ್ಟಿಕ್ ಜೆಎಫ್344ರ ಅಂಕಿ ನೋಡಿದರೆ ಮುದ್ರಣದೋಷವೇನೋ ಅನ್ನಿಸಬೇಕು: 43, 56, 70, 100. ಎ ತಂತಿ ಬರೀ 70. ಹೊರಪಟ್ಟಿ ನಿಕ್ಕಲ್, ಒಳತಂತಿ ಗುಂಡು. ನಾಲ್ಕರಲ್ಲಿ ಬಿಗಿ ಅತಿ ಕಡಿಮೆ ಇದಕ್ಕೇ. ಬೆರಳಿಗೆ ಬಗ್ಗುತ್ತದೆ, ಸ್ವರ ನಿಲ್ಲುತ್ತದೆ, ಮಧ್ಯದ ಆವರ್ತನಗಳು ಮಾತಾಡುತ್ತವೆ. ‘ಫ್ಲಾಟ್ ಎಂದರೆ ಮಂಕು’ ಎಂದು ವಾದಿಸುವವರ ಬಾಯಿ ಮುಚ್ಚಿಸಲು ಈ ಸೆಟ್ ಸಾಕು. ಬೆಲೆ ನಾಲ್ಕರಲ್ಲಿ ಮೇಲಿನದು, ಆದರೆ ವರ್ಷಗಟ್ಟಲೆ ಬಾಳುತ್ತದೆ, ಹಾಗಾಗಿ ಆ ಲೆಕ್ಕದಲ್ಲಿ ದುಬಾರಿಯಲ್ಲ. ತೊಂದರೆ ಬರುವುದು ಬಲಗೈಯಿಂದ. ರೌಂಡ್‌ವೌಂಡ್ ಮೇಲೆ ಕುಟ್ಟಿ ನುಡಿಸಿ ಅಭ್ಯಾಸವಾದವರು ಹಾಗೇ ಕುಟ್ಟಿದರೆ ಸಡಿಲ ತಂತಿ ಅಗಲವಾಗಿ ಹೊಯ್ದಾಡಿ ಫ್ರೆಟ್‌ಗೆ ಬಡಿಯುತ್ತದೆ, ಸ್ವರದ ಮೊದಲ ಕ್ಷಣ ಶ್ರುತಿ ಮೇಲೆ ಹೋಗಿ ಇಳಿಯುತ್ತದೆ. ತಂತಿಯಲ್ಲಿ ದೋಷವಿಲ್ಲ, ಕೈ ಹಗುರಾಗಬೇಕು, ಆಂಪ್ಲಿಫೈಯರ್ ಜೋರಾಗಬೇಕು. ಇನ್ನೊಂದು ತೊಡಕು ನಟ್‌ನದು, ಅಂದರೆ ನೆಕ್ ತುದಿಯಲ್ಲಿ ತಂತಿ ಹಾಯುವ ಪಟ್ಟಿಯದು. 85ರ ತಂತಿಗೆ ಕೊರೆದ ಕಚ್ಚಿನಲ್ಲಿ 70ರದ್ದು ಅಲುಗಾಡುತ್ತದೆ, ತೆರೆದ ಎ ಮೀಟಿದಾಗ ಸಿತಾರ್ ಥರ ‘ಜೊಂಯ್’ ಎಂದರೆ ಕಾರಣ ಅದೇ.

ಡಿ'ಅಡಾರಿಯೊ ಕ್ರೋಮ್ಸ್ (45, 65, 80, 100) ಹೊಸದರಲ್ಲಿ ಫ್ಲಾಟ್‌ನಂತೆ ಕೇಳಿಸುವುದೇ ಇಲ್ಲ, ಅಷ್ಟು ಝಣಝಣ. ಹೊಳಪು ಕೊಟ್ಟ ಸ್ಟೇನ್‌ಲೆಸ್ ಪಟ್ಟಿ, ಮೇಲ್ಮೈ ಗಾಜಿನಷ್ಟು ನಯ. ನಿತ್ಯ ನುಡಿಸಿದರೆ ಒಂದೆರಡು ತಿಂಗಳಲ್ಲಿ ಆ ಹೊಳಪು ಇಳಿದು ಸಮ ನಾದಕ್ಕೆ ಬರುತ್ತದೆ. ಮೊದಲ ವಾರವೇ ‘ಇದು ಬೇಡ’ ಎಂದು ತೀರ್ಮಾನಿಸಬೇಡಿ. ಬಿಗಿ ಕೈಗೆ ಗೊತ್ತಾಗುವಷ್ಟಿದೆ. ರೌಂಡ್‌ವೌಂಡ್‌ನಿಂದ ಮೊದಲ ಬಾರಿ ದಾಟುವವರಿಗೆ, ಒಂದೇ ಬೇಸ್‌ನಲ್ಲಿ ಹಳೆಯ ಸಿನಿಮಾ ಹಾಡು, ಇವತ್ತಿನ ಹಾಡು ಎರಡನ್ನೂ ನಿಭಾಯಿಸಬೇಕಾದ ಆರ್ಕೆಸ್ಟ್ರಾದವರಿಗೆ ಇದೇ ಸರಿಯಾದ ಆಯ್ಕೆ. 50ರಿಂದ ಶುರುವಾಗುವ ಇಸಿಬಿ82ರ ಕಡೆ ಸುಮ್ಮನೆ ಹೋಗಬೇಡಿ.

ರೋಟೋಸೌಂಡ್ 77ರ ಪಟ್ಟಿ ಮೋನೆಲ್, ಅಂದರೆ ನಿಕ್ಕಲ್-ತಾಮ್ರದ ಮಿಶ್ರಲೋಹ. ದಪ್ಪ 45, 65, 85, 105. ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ನುಡಿಸುವುದು ಇದರದೇ ದಪ್ಪ ಸಹೋದರ, 50ರಿಂದ 110. ಫ್ಲಾಟ್‌ನಲ್ಲಿ ಹೆವಿ ಮೆಟಲ್ ಆಗುವುದಿಲ್ಲ ಎನ್ನುವವರಿಗೆ ಇಷ್ಟು ಸಾಕು. ಕ್ರೋಮ್ಸ್‌ಗಿಂತ ಮೇಲ್ಮೈ ತುಸು ಒರಟು, ನಾದದಲ್ಲಿ ಗುರುಗುಟ್ಟುವ ಗುಣ. ಪಿಕ್ ಹಿಡಿದು ನುಡಿಸುವವರು ನೋಡಬಹುದು, ಉಳಿದವರಿಗೆ ಅಗತ್ಯವಿಲ್ಲ.

ಕೊಳ್ಳುವ ಮುಂಚೆ ಒಂದು ಅಳತೆ. ಬ್ರಿಜ್‌ನಲ್ಲಿ ತಂತಿ ತುದಿಯ ಲೋಹದ ಗುಂಡು ಕೂರುವ ಜಾಗದಿಂದ ನಟ್‌ವರೆಗೆ ಟೇಪ್ ಹಿಡಿಯಿರಿ. ತಂತಿಯ ತುದಿಯ ಬಣ್ಣದ ರೇಷ್ಮೆ ಸುತ್ತು ನಟ್ ದಾಟಿದ ಮೇಲೆಯೇ ಶುರುವಾಗಬೇಕು. ನಟ್ ಮೇಲೋ ಅದರ ಒಳಗೋ ಬಂದರೆ ತೆರೆದ ಸ್ವರ ಸತ್ತಂತೆಯೇ. ಬಾಡಿಯ ಹಿಂದಿನಿಂದ ತಂತಿ ತೂರಿಸುವ ಬೇಸ್‌ನಲ್ಲಿ ಈ ಅಳತೆ ಹೆಚ್ಚುತ್ತದೆ. ಅಲ್ಲಿ ಸ್ಯಾಡಲ್ (ಬ್ರಿಜ್‌ನಲ್ಲಿ ತಂತಿಯನ್ನು ಹೊರುವ ತುಂಡು) ಮೇಲೆ ತಂತಿ ಚೂಪಾಗಿ ಬಾಗುವುದರಿಂದ ಗಡಸು ಫ್ಲಾಟ್ ಆ ಮಡಿಕೆಯಲ್ಲೇ ಮುರಿಯುವ ಅಪಾಯವೂ ಇದೆ. ಬ್ರಿಜ್‌ನ ಹಿಂಬದಿಯಿಂದ ಹಾಕುವ ತೂತು ಇದ್ದರೆ ಅದನ್ನೇ ಬಳಸಿ. 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್‌ಗೆ ಉದ್ದದ ಸೆಟ್ ತಂದು ಕತ್ತರಿಸಿದರಾಯಿತು ಎಂಬ ಉಪಾಯ ಬೇಡ. ದಪ್ಪ ಸುತ್ತು ಕೀಲಿಯ ಕಂಬಕ್ಕೆ ಸುತ್ತಿಕೊಂಡು ಪಟ್ಟಿ ಬಾಯಿಬಿಡುತ್ತದೆ. ಐದು ತಂತಿಯವರಿಗೆ ಒಂದು ಮಾತು: 34 ಇಂಚಿನಲ್ಲಿ ಬಿ ತಂತಿ ಫ್ಲಾಟ್‌ನ ದುರ್ಬಲ ಜಾಗ, ಕ್ರೋಮ್ಸ್‌ನ 132 ಆಗಲಿ ಥೋಮಾಸ್ಟಿಕ್‌ನ 136 ಆಗಲಿ, ಇ ತಂತಿಯಷ್ಟು ಸ್ಪಷ್ಟತೆ ನಿರೀಕ್ಷಿಸಬೇಡಿ.

ಹಾಕುವಾಗ ಒಂದೊಂದೇ ತಂತಿ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ನೆಕ್ ಹಿಂದಕ್ಕೆ ಹೋಗುತ್ತದೆ. ತಂತಿಯನ್ನು ಅದರ ಕಂಬ ದಾಟಿಸಿ ಇನ್ನೆರಡು ಕಂಬದಷ್ಟು ದೂರ, ಸುಮಾರು ಹತ್ತು ಸೆಂಟಿಮೀಟರ್, ಬಿಟ್ಟು ಗುರುತು ಮಾಡಿ. ಮೊದಲು ಅಲ್ಲಿ ಇಕ್ಕಳದಿಂದ ಲಂಬವಾಗಿ ಬಗ್ಗಿಸಬೇಕು, ಆಮೇಲೆ ಬಾಗಿನ ಆಚೆ ಕತ್ತರಿಸಬೇಕು. ಬಗ್ಗಿಸದೆ ಕತ್ತರಿಸಿದರೆ, ಅದರಲ್ಲೂ ಒಳತಂತಿ ಗುಂಡಾಗಿದ್ದರೆ, ಹೊರಪಟ್ಟಿ ಸಡಿಲಗೊಂಡು ಒಳಗೊಳಗೇ ಜಾರುತ್ತದೆ. ಹೊರಗೆ ಏನೂ ಕಾಣಿಸುವುದಿಲ್ಲ, ಸ್ವರ ಮಾತ್ರ ಹೆಣ. ಕಂಬಕ್ಕೆ ಸುತ್ತುವಾಗ ತಂತಿ ತಿರುಚಿಕೊಳ್ಳದಂತೆಯೂ ನೋಡಿ. ಹೊಸ ಫ್ಲಾಟ್ ಸೆಟ್‌ನಲ್ಲಿ ‘ಒಂದು ತಂತಿ ಡೆಡ್’ ಎಂದು ಬರುವ ದೂರುಗಳಲ್ಲಿ ಬಹುಪಾಲು ಈ ಎರಡರಲ್ಲೊಂದು. ಸುತ್ತು ಎರಡರಿಂದ ಮೂರು, ಮೇಲಿನಿಂದ ಕೆಳಕ್ಕೆ. ಫೆಂಡರ್ ಮಾದರಿಯಲ್ಲಿ ಡಿ, ಜಿ ತಂತಿಗಳನ್ನು ಒತ್ತಿ ಹಿಡಿಯುವ ಗುಂಡಿ ಇರುತ್ತದೆ, ಎ ತಂತಿಗೆ ಇರುವುದಿಲ್ಲ. ಅದಕ್ಕೆ ಒಂದು ಸುತ್ತು ಹೆಚ್ಚೇ ಇರಲಿ, ಇಲ್ಲವಾದರೆ ನಟ್ ಮೇಲೆ ಒತ್ತಡ ಸಾಲದೆ ತೆರೆದ ಎ ಗೊರಗುಡುತ್ತದೆ. ಶ್ರುತಿಗೆ ಬಂದ ಮೇಲೆ ಸ್ಯಾಡಲ್‌ನ ಮುಂದೆ, ನಟ್‌ನ ಮುಂದೆ ಹೆಬ್ಬೆರಳಿನಿಂದ ತಂತಿಯನ್ನು ಮೆಲ್ಲಗೆ ಒತ್ತಿ ಕೂರಿಸಿ. ಇಂಟೊನೇಷನ್ (ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿಯಿರುವುದು) ನಿಲ್ಲುತ್ತಿಲ್ಲ ಎಂದು ಒದ್ದಾಡುವವರಲ್ಲಿ ಹೆಚ್ಚಿನವರು ಮರೆತಿರುವುದು ಇದನ್ನೇ.

ಒಂದು ರಾತ್ರಿ ಬಿಟ್ಟು ಸೆಟಪ್‌ಗೆ ಕೂರಿ. ಮೊದಲ ಫ್ರೆಟ್ ಮತ್ತು ನೆಕ್ ಬಾಡಿಗೆ ಸೇರುವ ಫ್ರೆಟ್ ಎರಡನ್ನೂ ಒತ್ತಿ ಹಿಡಿದಾಗ ಎಂಟನೇ ಫ್ರೆಟ್ ಮೇಲಿನ ಸಂದು 0.3 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಇಸ್ಪೀಟ್ ಎಲೆ ಜಾರುವಷ್ಟು. ಲಾ ಬೆಲ್ಲಾ ಹಾಕಿದ ಮೇಲೆ ಸಂದು ಹೆಚ್ಚಿದ್ದರೆ ಟ್ರಸ್ ರಾಡ್ ಬಲಕ್ಕೆ ಕಾಲು ಸುತ್ತು; ಥೋಮಾಸ್ಟಿಕ್ ಹಾಕಿ ಮೊದಲ ನಾಲ್ಕು ಫ್ರೆಟ್‌ನಲ್ಲಿ ತಂತಿ ಬಡಿಯುತ್ತಿದ್ದರೆ ಎಡಕ್ಕೆ ಕಾಲು ಸುತ್ತು. ಒಮ್ಮೆಗೆ ಅದಕ್ಕಿಂತ ಹೆಚ್ಚು ಬೇಡ. ಹದಿನೇಳನೇ ಫ್ರೆಟ್‌ನಲ್ಲಿ ಎತ್ತರ ಇ ಕಡೆ 2.4, ಜಿ ಕಡೆ 2 ಮಿಲಿಮೀಟರ್ ಇಟ್ಟು ಶುರು ಮಾಡಿ. ಬಿಗಿ ತಂತಿ ಕಡಿಮೆ ಹೊಯ್ದಾಡುವುದರಿಂದ ಲಾ ಬೆಲ್ಲಾ, ಕ್ರೋಮ್ಸ್ ಎರಡರಲ್ಲೂ ಇನ್ನಷ್ಟು ಇಳಿಸಬಹುದು, ಥೋಮಾಸ್ಟಿಕ್‌ನಲ್ಲಿ ಇಳಿಸಲು ಹೋಗಬೇಡಿ. ಹನ್ನೆರಡನೇ ಫ್ರೆಟ್ ಒತ್ತಿದ ಸ್ವರ ಹಾರ್ಮೋನಿಕ್‌ಗಿಂತ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ. ಗಡಸು ತಂತಿಯಲ್ಲಿ ಇ ಸ್ಯಾಡಲ್ ಎಲ್ಲಕ್ಕಿಂತ ಹಿಂದೆ ಹೋಗುತ್ತದೆ, ಗಾಬರಿ ಬೇಡ.

ಟೋನ್ ನಾಬ್ ಪೂರ್ತಿ ತೆರೆದಿಟ್ಟೇ ಕೇಳಬೇಕು. ರೌಂಡ್‌ವೌಂಡ್ ಕಾಲದಲ್ಲಿ ಅರ್ಧಕ್ಕಿಳಿಸಿದ್ದನ್ನು ಹಾಗೇ ಬಿಟ್ಟು ‘ಫ್ಲಾಟ್ ಮಂಕು’ ಎಂದು ದೂರುವವರುಂಟು. ಇ ತಂತಿಯ ಮೂಲಸ್ವರ 41 ಹರ್ಟ್ಸ್. ಮೊಬೈಲ್ ಸ್ಪೀಕರ್ ಅದನ್ನು ಕೇಳಿಸುವುದೇ ಇಲ್ಲ. ಕಾರ್ಯಕ್ರಮದ ವೀಡಿಯೋದಲ್ಲಿ ಬೇಸ್ ಮಾಯವಾಗಿದ್ದರೆ 700, 800 ಹರ್ಟ್ಸ್ ಸುತ್ತ ಎರಡು ಮೂರು ಡೆಸಿಬಲ್ ಏರಿಸಿ. ಲೋ ನಾಬ್ ತಿರುಗಿಸಿದರೆ ಸಭಾಂಗಣದಲ್ಲಿ ಗುಡುಗುಡು ಹೆಚ್ಚುತ್ತದೆ ಅಷ್ಟೇ. ಇನ್ನೂ ಗಿಡ್ಡ ನಾದ ಬೇಕಾದವರು ಬ್ರಿಜ್‌ಗೆ ತಾಗಿಸಿ ತಂತಿಯ ಕೆಳಗೆ ಬೆರಳಗಲದ ಸ್ಪಂಜು ತುರುಕಬಹುದು, ತಂತಿಯನ್ನು ಎತ್ತಬಾರದು, ಮುಟ್ಟಿದರೆ ಸಾಕು. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಬಡಿಯುವ ಶೈಲಿ) ನುಡಿಸುವವರಿಗೆ ಈ ನಾಲ್ಕೂ ಬೇಡ.

ಫ್ರೆಟ್‌ಲೆಸ್ ಬೇಸ್‌ನಲ್ಲಿ ಗಮಕ ಹಿಡಿಯುವವರಿಗೆ ಮಾತ್ರ ನೇರ ಶಿಫಾರಸು: ಥೋಮಾಸ್ಟಿಕ್. ಜಾರು ನಡುವೆ ಸ್ವರ ತೇಲುತ್ತಾ ಉಳಿಯುತ್ತದೆ, ರೌಂಡ್‌ವೌಂಡ್‌ನಂತೆ ಮರದ ಹಲಗೆಯನ್ನು ಗರಗಸ ಹಾಕುವುದಿಲ್ಲ.

ಕರಾವಳಿಯ ಸೆಖೆಯಲ್ಲಿ, ಬೆವರು ಕೈಯವರಿಗೆ ಫ್ಲಾಟ್‌ನ ಲಾಭ ಇನ್ನೂ ಹೆಚ್ಚು. ಕೊಳೆ ಕೂರಲು ಸಂದಿಲ್ಲ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿ. ಹೊಸ ತಂತಿ ಬೆರಳಿಗೆ ಅಂಟಂಟಾದರೆ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಮ್ಮೆ ಉಜ್ಜಿದರೆ ಸಾಕು, ಹಲಗೆಗೆ ತಾಗಬಾರದು. ಮಳೆಗಾಲದ ಆರಂಭದಲ್ಲಿ ನೆಕ್ ಸಂದನ್ನು ಮತ್ತೊಮ್ಮೆ ಅಳೆಯಿರಿ. ಬಿಚ್ಚಿದ ಸೆಟ್ ಚೆನ್ನಾಗಿಯೇ ಇದ್ದರೆ ಎಸೆಯಬೇಡಿ, ಊಟದ ತಟ್ಟೆಯಗಲಕ್ಕೆ ಸುರುಳಿ ಮಾಡಿ ಪ್ರತಿಯೊಂದಕ್ಕೂ ಚೀಟಿ ಅಂಟಿಸಿಡಿ. ಮತ್ತೆ ಹಾಕುವಾಗ ಹಳೆಯ ಬಾಗು ಅದೇ ಕಂಬದ ತೂತಿಗೇ ಬರಬೇಕು, ಆದ್ದರಿಂದ ಚೀಟಿಯಲ್ಲಿ ಯಾವ ಬೇಸ್‌ನಿಂದ ತೆಗೆದದ್ದು ಎಂದೂ ಬರೆದಿರಲಿ.