ಹ್ಯಾವ್‌ಲಾಕ್‌ಗೆ ಹೋಗುವವರೇ, ಆಟೋ ಮತ್ತು ಬಾಡಿಗೆ ಸ್ಕೂಟರ್ ಬಗ್ಗೆ ಎಚ್ಚರ

ಅಂಡಮಾನಿನ ಹ್ಯಾವ್‌ಲಾಕ್‌ಗೆ, ಅಂದರೆ 2018ರ ಡಿಸೆಂಬರ್‌ನಿಂದ ಸ್ವರಾಜ್ ದ್ವೀಪವೆಂದು ಕರೆಯಲಾಗುತ್ತಿರುವ ದ್ವೀಪಕ್ಕೆ, ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಹೊರಟಿರುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಜೆಟ್ಟಿಯಿಂದ ರಾಧಾನಗರ ಕಡಲತೀರಕ್ಕೆ ಸುಮಾರು 12 ಕಿಲೋಮೀಟರ್ ದೂರವಿದೆ. ಸರ್ಕಾರಿ ಬಸ್ಸು ದಿನಕ್ಕೆ ಕೆಲವೇ ಬಾರಿ ಓಡುತ್ತದೆ. ಬೆಂಗಳೂರಿನಲ್ಲಿ ಮೊಬೈಲಿನಿಂದ ಕರೆಸಿಕೊಳ್ಳುವಂಥ ಕ್ಯಾಬ್ ಅಲ್ಲಿಲ್ಲ.

ನಾವು ರಾಧಾನಗರಕ್ಕೆ ಆಟೋದಲ್ಲಿ ಹೋದೆವು. ಸೂರ್ಯಾಸ್ತದವರೆಗೆ ಕಾದು ವಾಪಸು ಕರೆತರುವುದಾಗಿ ಒಪ್ಪಿಕೊಂಡ ಚಾಲಕ, ಹೋಗಿಬರುವ ಬಾಡಿಗೆಯನ್ನು ಮುಂಗಡವಾಗಿಯೇ ಪಡೆದ. ಕತ್ತಲಾಗುವ ಹೊತ್ತಿಗೆ ನಾವು ಮೇಲೆ ಬಂದರೆ ಆಟೋ ಇರಲಿಲ್ಲ, ಕರೆ ಮಾಡಿದರೆ ಉತ್ತರವೂ ಇರಲಿಲ್ಲ. ಅಲ್ಲಿ ಉಳಿದಿದ್ದ ಮತ್ತೊಬ್ಬ ಚಾಲಕ ಬಂದಾಗಿನ ಬಾಡಿಗೆಯ ಮೂರು ಪಟ್ಟು ಕೇಳಿದ. ಮಂಡಿನೋವಿನ ಅಮ್ಮನನ್ನು ದೀಪವಿಲ್ಲದ ರಸ್ತೆಯಲ್ಲಿ ನಡೆಸುವಂತಿರಲಿಲ್ಲವಾದ್ದರಿಂದ ಕೊಡಲೇಬೇಕಾಯಿತು.

ಇಲ್ಲಿ ಕತ್ತಲು ಎಷ್ಟು ಬೇಗ ಬೀಳುತ್ತದೆ ಎಂಬುದನ್ನು ತಿಳಿದಿರುವುದು ಬಹಳ ಮುಖ್ಯ. ದ್ವೀಪವು ಸುಮಾರು 93 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೂ ಗಡಿಯಾರ ಮಾತ್ರ ಭಾರತದ ಪ್ರಮಾಣಿತ ಸಮಯದ್ದೇ ಆಗಿರುವುದರಿಂದ, ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ ಐದರ ಆಸುಪಾಸಿಗೆ, ಬೆಂಗಳೂರಿಗಿಂತ ಸರಿಸುಮಾರು ಒಂದು ಗಂಟೆ ಮುಂಚೆ. ಆದ್ದರಿಂದ ಹೋಗುವಾಗ ಅರ್ಧ ಬಾಡಿಗೆ, ಹೋಟೆಲಿಗೆ ಮರಳಿದ ಮೇಲೆ ಉಳಿದರ್ಧ ಎಂದು ಮೊದಲೇ ಮಾತಾಡಿಕೊಳ್ಳಿ, ಆಟೋದ ನಂಬರ್ ಪ್ಲೇಟಿನ ಫೋಟೋ ತೆಗೆದಿಟ್ಟುಕೊಳ್ಳಿ. ಹೋಟೆಲಿನವರ ಮೂಲಕ ಗೊತ್ತುಮಾಡಿದರೆ ತುಸು ಹೆಚ್ಚು ಖರ್ಚಾದೀತು, ಆದರೆ ಕೇಳಲು ಒಬ್ಬರು ಇರುತ್ತಾರೆ.

ಈ ಅನುಭವದ ನಂತರ ನನ್ನ ತಮ್ಮ ಸ್ಕೂಟರ್ ಬಾಡಿಗೆಗೆ ಪಡೆದ. ಅಂಗಡಿಯವರು ಠೇವಣಿ ಹಣದ ಜೊತೆಗೆ ಅವನ ಮೂಲ ಚಾಲನಾ ಪರವಾನಗಿಯನ್ನೂ ಇರಿಸಿಕೊಂಡರು. ನಾವು ಹಡಗಿಗೆ ಹೊರಡುವ ಬೆಳಿಗ್ಗೆ ಸ್ಕೂಟರ್ ಒಪ್ಪಿಸಲು ಹೋದಾಗ, ಮೊದಲಿನಿಂದಲೂ ಇದ್ದ ಗೀರುಗಳನ್ನು ತೋರಿಸಿ, ಠೇವಣಿಯನ್ನು ಬಿಟ್ಟುಕೊಡುವುದಲ್ಲದೆ ಮೇಲೆ ಇನ್ನಷ್ಟು ಹಣ ಕೊಟ್ಟರೆ ಮಾತ್ರ ಪರವಾನಗಿ ಮರಳಿಸುವುದಾಗಿ ಹೇಳಿದರು. ಹಡಗು ಯಾರಿಗಾಗಿಯೂ ನಿಲ್ಲುವುದಿಲ್ಲ, ಅದು ತಪ್ಪಿದರೆ ಮುಂದಿನ ವಿಮಾನವೂ ತಪ್ಪುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪ್ರವಾಸಿಯ ಈ ಅಸಹಾಯಕತೆಯನ್ನೇ ವ್ಯಾಪಾರ ಮಾಡಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸುಲಿಗೆಯೇ ಸರಿ. ದ್ವೀಪದಲ್ಲಿ ನಮಗೆ ನೆರವಾದ ಪ್ರಾಮಾಣಿಕ ಜನರೂ ಇದ್ದಾರೆ, ಅವರಿಗೂ ಇಂಥವರಿಂದ ಕೆಟ್ಟ ಹೆಸರು ಬರುತ್ತದೆ.

ಮೂಲ ಪರವಾನಗಿಯನ್ನಾಗಲಿ ಆಧಾರ್ ಕಾರ್ಡನ್ನಾಗಲಿ ಯಾರ ಬಳಿಯೂ ಒತ್ತೆ ಇಡಬೇಡಿ. ನಕಲು ಪ್ರತಿಗೆ ಒಪ್ಪದ ಅಂಗಡಿಯನ್ನು ಬಿಟ್ಟು ಮುಂದೆ ನಡೆಯಿರಿ. ಬಾಡಿಗೆಗೆ ಓಡಿಸಲು ಅನುಮತಿಯಿರುವ ಸ್ಕೂಟರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳ ನಂಬರ್ ಪ್ಲೇಟ್ ಇರುತ್ತದೆ. ಬಿಳಿ ಫಲಕದ ಖಾಸಗಿ ಸ್ಕೂಟರನ್ನು ಬಾಡಿಗೆಗೆ ಪಡೆದು ಅಪಘಾತವಾದರೆ ವಿಮೆಯ ಹಣ ಸಿಗದೆ ಹೋಗಬಹುದು. ಗಾಡಿ ಪಡೆಯುವ ಮುನ್ನ, ಅಂಗಡಿಯವರ ಎದುರೇ, ಅದರ ನಾಲ್ಕೂ ಬದಿಯ ವಿಡಿಯೋ ಮಾಡಿಕೊಂಡು ಬ್ರೇಕ್, ಹೆಡ್‌ಲೈಟ್, ಪೆಟ್ರೋಲ್ ಮಟ್ಟವನ್ನು ನೋಡಿಕೊಳ್ಳಿ. ಹಡಗಿನ ದಿನಕ್ಕೆ ಉಳಿಸಿಕೊಳ್ಳದೆ ಹಿಂದಿನ ಸಂಜೆಯೇ, ಬೆಳಕಿರುವಾಗ, ಸ್ಕೂಟರ್ ಹಿಂದಿರುಗಿಸಿ ಠೇವಣಿ ಪಡೆದುಕೊಳ್ಳಿ; ಆಗ ತಕರಾರು ಬಂದರೂ 112ಕ್ಕೆ ಕರೆ ಮಾಡಿ ಪೊಲೀಸರಿಗೆ ದೂರು ಕೊಡಲು ನಿಮಗೆ ಸಮಯವಿರುತ್ತದೆ.