ಕ್ಯಾಬಿನ್ ಲೈಟ್ ಹತ್ತದಿದ್ದರೆ ಬಲ್ಬ್ ಹೋಗಿದೆ ಅಂತ ಸುಮ್ಮನಿರಬೇಡಿ

ಹೊರಗಿನ ಅಂಗಡಿಯಲ್ಲಿ ಸೆಂಟ್ರಲ್ ಲಾಕ್ ಹಾಕಿಸಿದ ಕಾರು ನಿಮ್ಮಲ್ಲಿದ್ದು, ಅದರಲ್ಲಿ ಸಣ್ಣ ಮಕ್ಕಳನ್ನು ಕೂರಿಸಿಕೊಂಡು ಓಡಾಡುವವರಾದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮೇ ತಿಂಗಳಲ್ಲಿ ಕಾರವಾರದ ಕಡಲತೀರದಲ್ಲಿ ನನ್ನ ಮೂರೂವರೆ ವರ್ಷದ ಮಗಳು ಬಿಸಿಲಲ್ಲಿ ನಿಂತ ಕಾರಿನೊಳಗೆ ಸುಮಾರು ಕಾಲು ತಾಸು ಸಿಕ್ಕಿಬಿದ್ದಿದ್ದಳು. ಬಾಗಿಲು ಹಾಕಿದವಳು ನಾನೇ. ಲಾಕ್ ತಾನಾಗಿ ಬಿತ್ತು. ಯಾಕೆ ಬಿತ್ತು ಅಂತ ತಿಳಿಯಲು ನನಗೆ ಇನ್ನೂ ಹತ್ತು ದಿನ ಬೇಕಾಯಿತು. ತಿಳಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ನಾವು ಕುಮಟಾದವರು. ನಮ್ಮದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಹಳೆಯ ಸಣ್ಣ ಕಾರು, ಬೇಸ್ ಮಾಡೆಲ್. ಕಂಪನಿಯಿಂದ ಬಂದಾಗ ಅದಕ್ಕೆ ಸೆಂಟ್ರಲ್ ಲಾಕ್ ಇರಲಿಲ್ಲ. ಒಂದೊಂದು ಬಾಗಿಲಿನ ನಾಬನ್ನೂ ಕೈಯಿಂದ ಒತ್ತಬೇಕಿತ್ತು. ನಮ್ಮನೆಯವರು ಹುಬ್ಬಳ್ಳಿಗೆ ಹೋದಾಗ ಅಲ್ಲಿಯ ಒಂದು ಆಕ್ಸೆಸರಿ ಅಂಗಡಿಯಲ್ಲಿ ರಿಮೋಟ್, ಸೈರನ್ ಸಮೇತ ಹಾಕಿಸಿಕೊಂಡು ಬಂದರು. ಎರಡು ತಾಸಿನ ಕೆಲಸವಂತೆ. ರಿಮೋಟಿನ ಯಾವ ಗುಂಡಿ ಯಾವುದಕ್ಕೆ ಅಂತ ತೋರಿಸಿ ಕಳಿಸಿದ್ದರು, ಅಷ್ಟೇ. ಎರಡು ವರ್ಷ ಏನೂ ತೊಂದರೆ ಇರಲಿಲ್ಲ.

ಫೆಬ್ರವರಿ ಸುಮಾರಿಗೆ ಒಂದು ಸಣ್ಣ ಬದಲಾವಣೆ ಆಯಿತು. ಡ್ರೈವರ್ ಬಾಗಿಲು ತೆಗೆದರೆ ಮೇಲಿನ ಕ್ಯಾಬಿನ್ ಲೈಟ್ ಹತ್ತುವುದು ನಿಂತಿತು. ಬಲ್ಬ್ ಹೋಗಿರಬೇಕು, ಮುಂದಿನ ಸರ್ವೀಸಿಗೆ ಹೇಳಿದರಾಯಿತು ಅಂದುಕೊಂಡೆ. ಲೈಟಿನ ಸ್ವಿಚ್ಚನ್ನು ಆನ್ ಕಡೆಗೆ ಸರಿಸಿ ನೋಡಿದ್ದರೆ ಬಲ್ಬ್ ಚೆನ್ನಾಗಿಯೇ ಉರಿಯುತ್ತಿತ್ತು, ಆಗಲೇ ಅನುಮಾನ ಬರುತ್ತಿತ್ತು. ನಾನು ನೋಡಲಿಲ್ಲ.

ಆ ದಿನ ಕಾರವಾರದಲ್ಲಿ ಕಚೇರಿ ಕೆಲಸ ಮುಗಿಸಿ, ಪುಟ್ಟಿಗೆ ಯುದ್ಧನೌಕೆ ತೋರಿಸೋಣ ಅಂತ ಟಾಗೋರ್ ಕಡಲತೀರಕ್ಕೆ ಹೋದೆವು. ಆಯಿಯೂ ಜೊತೆಗಿದ್ದಳು. ಚಪಲ್ ನೌಕೆ ಹತ್ತಿ ಇಳಿಯುವಷ್ಟರಲ್ಲಿ ಹನ್ನೆರಡೂವರೆ. ಆಯಿಗೆ ಮೊಣಕಾಲು ನೋವು, ಗಾಳಿಮರದ ನೆರಳಲ್ಲಿ ಕುಳಿತು, "ಕಾರು ಇಲ್ಲಿಗೇ ತಗಂಡ್ ಬಾರೇ" ಅಂದಳು. ನಾನು ಪುಟ್ಟಿಯನ್ನು ಎತ್ತಿಕೊಂಡು ಕಾರಿನ ಹತ್ತಿರ ಹೋದೆ.

ಮುಂದೆ ಏನೇನು ಮಾಡಿದೆ ಅಂತ ಒಂದೊಂದಾಗಿ ಬರೆಯುತ್ತೇನೆ, ಯಾಕೆಂದರೆ ನೀವೂ ದಿನಾ ಹೀಗೆಯೇ ಮಾಡುತ್ತೀರಿ. ರಿಮೋಟ್ ಒತ್ತಿದೆ, ನಾಲ್ಕೂ ಬಾಗಿಲು ತೆರೆದುಕೊಂಡವು. ಡ್ರೈವರ್ ಬಾಗಿಲು ತೆಗೆದು ಸೀಟಿನ ಮೇಲೆ ಪರ್ಸ್ ಇಟ್ಟೆ, ಬಾಗಿಲು ಹಾಕಿದೆ. ಫೋನು ಪರ್ಸಿನಲ್ಲಿತ್ತು. ಸುತ್ತಿ ಬಂದು ಎಡಗಡೆಯ ಹಿಂದಿನ ಬಾಗಿಲು ತೆಗೆದು ಪುಟ್ಟಿಯನ್ನು ಅವಳ ಸೀಟಿನಲ್ಲಿ ಕೂರಿಸಿದೆ. ಬೆಲ್ಟಿನ ಬಕಲ್ ಹಾಕಲು ಎರಡೂ ಕೈ ಬೇಕು, ಹಾಗಾಗಿ ಚಾವಿಯನ್ನು ಅವಳ ಪಕ್ಕ ಸೀಟಿನ ಮೇಲೆ ಹಾಕಿದೆ. ಬಗ್ಗಿ ಬಕಲ್ ಹಾಕುತ್ತಿರುವಾಗ ‘ಚಕ್’ ಅಂತ ಶಬ್ದ ಬಂತು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬಾಗಿಲು ಹಾಕಿ ಡ್ರೈವರ್ ಕಡೆ ಬಂದು ಹಿಡಿಕೆ ಎಳೆದರೆ ಬಾಗಿಲು ಬರಲಿಲ್ಲ.

ಎಲ್ಲ ಬಾಗಿಲೂ ಲಾಕ್. ಎಲ್ಲ ಗಾಜೂ ಮೇಲೆ. ಚಾವಿ, ರಿಮೋಟ್, ಫೋನು, ಮಗು ನಾಲ್ಕೂ ಒಳಗೆ. ಇನ್ನೊಂದು ಚಾವಿ ಸುಮಾರು 70 ಕಿ.ಮೀ. ದೂರ ಕುಮಟಾದ ಮನೆಯ ಕಪಾಟಿನಲ್ಲಿ.

ಗಾಬರಿಯಲ್ಲಿ ನಾನು ಗಾಜಿಗೆ ಬಡಿದೆ. ಬಡಿದ ತಕ್ಷಣ ಸೈರನ್ ಶುರುವಾಯಿತು. ಕಳ್ಳರು ಮುಟ್ಟಿದರೆ ಕೂಗಲಿ ಅಂತ ಅದರಲ್ಲಿ ಶಾಕ್ ಸೆನ್ಸರ್ ಇರುತ್ತದೆ. ಅಲ್ಲಿಯವರೆಗೆ ಆಟ ಅಂದುಕೊಂಡು ನಗುತ್ತಿದ್ದ ಮಗು ಬೆಚ್ಚಿಬಿದ್ದು ಅಳತೊಡಗಿದಳು. ನಾನು ಹೇಳುವ ಒಂದು ಮಾತೂ ಅವಳಿಗೆ ಕೇಳುತ್ತಿಲ್ಲ, ಅವಳ ಅಳು ನನಗೆ ಕೇಳುತ್ತಿಲ್ಲ, ಬಾಯಿ ಮಾತ್ರ ಕಾಣುತ್ತಿದೆ. ಅರ್ಧ ನಿಮಿಷ ಕೂಗಿ ನಿಲ್ಲುತ್ತಿತ್ತು. ಯಾರಾದರೂ ಹಿಡಿಕೆ ಎಳೆದರೆ ಮತ್ತೆ ಶುರು. ನಿಲ್ಲಿಸುವ ಗುಂಡಿ ಒಳಗಿನ ರಿಮೋಟಿನಲ್ಲಿ. ಚಾವಿ ಒತ್ತು ಮಗಾ, ನಾಬ್ ಎಳಿ ಅಂತ ಸನ್ನೆ ಮಾಡಿದೆ. ಬೆಲ್ಟಿನಲ್ಲಿ ಬಿಗಿದಿದ್ದ ಅವಳ ಕೈ ನಾಬಿಗೆ ಎಟುಕುತ್ತಿರಲಿಲ್ಲ. ಚಾವಿ ಅಷ್ಟರಲ್ಲಿ ಸೀಟಿನಿಂದ ಕೆಳಗೆ ಬಿದ್ದಿತ್ತು.

ಜನ ಸೇರಿದರು. ಒಬ್ಬರು 112ಕ್ಕೆ ಫೋನ್ ಮಾಡಿದರು. ಒಬ್ಬರು ಬ್ಯಾಟರಿ ವೈರ್ ತೆಗೆದರೆ ಲಾಕ್ ಬಿಡುತ್ತದೆ ಅಂದರು. ಬಾನೆಟ್ ತೆಗೆಯುವ ಹಿಡಿ ಕಾರಿನ ಒಳಗೇ ಇದೆ, ಮೇಲಾಗಿ ಕರೆಂಟು ಹೋದರೆ ಲಾಕ್ ಬಿಡುವುದೂ ಇಲ್ಲ, ಇದ್ದಲ್ಲೇ ಇರುತ್ತದೆ. ಟೆಂಪೋ ಚಾಲಕರೊಬ್ಬರು ಗಾಜಿನ ಬೀಡಿಂಗ್ ಸಂದಿಯಲ್ಲಿ ಉಕ್ಕಿನ ಪಟ್ಟಿ ತೂರಿಸಿ ಐದಾರು ನಿಮಿಷ ಪ್ರಯತ್ನಿಸಿದರು. ಆ ಐದಾರು ನಿಮಿಷ ಕೊಟ್ಟದ್ದು ನನ್ನ ತಪ್ಪು. ಗಾಜು ಒಡೆಯಲು ನಾನು ಹಿಂದೆ ಮುಂದೆ ನೋಡುತ್ತಿದ್ದೆ ಅನ್ನುವುದನ್ನು ಈಗ ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಮೊದಲ ಅರ್ಧ ತಾಸಿನಲ್ಲೇ ಶಾಖದ ಬಹುಪಾಲು ಏರಿಬಿಡುತ್ತದೆ. ನಮ್ಮ ಕಾರು ಒಂದೂವರೆ ತಾಸು ಮೊದಲೇ ಕಾದು ನಿಂತಿತ್ತು. ಮಕ್ಕಳ ಮೈ ದೊಡ್ಡವರದಕ್ಕಿಂತ ಬಹಳ ಬೇಗ ಕಾಯುತ್ತದೆ. ಪುಟ್ಟಿ ಅಳು ನಿಲ್ಲಿಸಿ ತಲೆ ವಾಲಿಸಿದಾಗ ಆಯಿ, ಆ ಮೊಣಕಾಲು ನೋವಿನಲ್ಲೂ ಓಡಿಬಂದವಳು, "ಒಡೀರೋ ಗಾಜು, ಎಂತ ನೋಡ್ತಾ ನಿಂತ್ರಿ!" ಅಂತ ಕಿರುಚಿದಳು.

ಒಬ್ಬ ಹುಡುಗ ಕಲ್ಲು ಹಿಡಿದು ಮುಂದಿನ ದೊಡ್ಡ ಗಾಜಿಗೆ ಹೊಡೆಯಲು ಹೋದ. ವಯಸ್ಸಾದ ಮೀನುಗಾರರೊಬ್ಬರು ಅವನ ಕೈ ಹಿಡಿದರು. ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಬಿರುಕು ಬಿಡುತ್ತದೆಯೇ ಹೊರತು ಕಿತ್ತು ಬರುವುದಿಲ್ಲ. ಮಗುವಿನಿಂದ ದೂರದ ಡ್ರೈವರ್ ಬಾಗಿಲಿನ ಗಾಜಿಗೆ ಹೊಡೆದರು. ನಡುಭಾಗಕ್ಕೆ ಬಿದ್ದ ಎರಡು ಏಟಿಗೆ ಏನೂ ಆಗಲಿಲ್ಲ. ಟೆಂಪೋದವರ ಪಾನಾದ ಚೂಪು ತುದಿಯಿಂದ ಕೆಳಗಿನ ಮೂಲೆಗೆ ಹೊಡೆದಾಗ ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಉದುರಿತು. ಕೈ ಹಾಕಿ ನಾಬ್ ಎಳೆದರು. ಪುಟ್ಟಿಯ ಅಂಗಿ ನೀರಲ್ಲಿ ಅದ್ದಿದ ಹಾಗಿತ್ತು, ಮುಖ ಕೆಂಪು. ನೆರಳಿಗೆ ತಂದು, ಮೈ ಒರೆಸಿ, ಗುಟುಕು ಗುಟುಕಾಗಿ ನೀರು ಕುಡಿಸಿ ಆಸ್ಪತ್ರೆಗೆ ಹೋದೆವು. ಸಂಜೆಯವರೆಗೆ ಇಟ್ಟುಕೊಂಡು ಕಳಿಸಿದರು. ಅಂದು ಅಲ್ಲಿದ್ದವರ ಹೆಸರನ್ನೂ ನಾನು ಕೇಳಿಕೊಳ್ಳಲಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಮಗು ಆರಾಮಾಗಿದ್ದಾಳೆ.

ಕುಮಟಾದಲ್ಲಿ ನನಗೆ ಪರಿಚಯದ ಒಬ್ಬ ಆಟೋ ಇಲೆಕ್ಟ್ರಿಷಿಯನ್ ಇದ್ದಾರೆ, ನನ್ನ ಹಳೆಯ ವಿದ್ಯಾರ್ಥಿಯ ತಂದೆ. ಅವರ ಮುಂದೆ ಕಾರು ನಿಲ್ಲಿಸಿ, ಇದು ಯಾಕೆ ಹೀಗೆ ಮಾಡಿತು ಅಂತ ತಿಳಿಯದೆ ನಾನು ಇದರಲ್ಲಿ ಕೂರುವುದಿಲ್ಲ ಅಂದೆ. ಅವರು ಅರ್ಧ ದಿನ ಡ್ಯಾಶ್‌ಬೋರ್ಡ್ ಬಿಚ್ಚಿಟ್ಟುಕೊಂಡು ತೋರಿಸಿದ್ದು ಇಷ್ಟು.

ಪ್ರತಿ ಬಾಗಿಲಿನೊಳಗೆ ಒಂದು ಪುಟ್ಟ ಮೋಟಾರು, ಅದಕ್ಕೆ ಹಲ್ಲಿನ ಚಕ್ರ ಮತ್ತು ಸರಳು. 12 ವೋಲ್ಟ್ ಕರೆಂಟು ಒಂದು ಕ್ಷಣ ಒಂದು ದಿಕ್ಕಿಗೆ ಹರಿದರೆ ಸರಳು ಕೆಳಗಿಳಿದು ಲಾಕ್, ಉಲ್ಟಾ ಹರಿದರೆ ಮೇಲೆದ್ದು ಅನ್‌ಲಾಕ್. ಮೂರು ಬಾಗಿಲಿನ ಮೋಟಾರಿಗೆ ಎರಡೆರಡೇ ವೈರು. ಡ್ರೈವರ್ ಬಾಗಿಲಿನದಕ್ಕೆ ಮಾತ್ರ ಐದು, ಯಾಕೆಂದರೆ ಅದರಲ್ಲಿ ಮೋಟಾರಿನ ಜೊತೆ ನಾಬ್ ಮೇಲಿದೆಯೋ ಕೆಳಗಿದೆಯೋ ಅಂತ ತಿಳಿಸುವ ಸ್ವಿಚ್ಚೂ ಇದೆ. ಅದಕ್ಕೇ ಚಾವಿಯಲ್ಲಿ ಆ ಒಂದು ಬಾಗಿಲು ತೆಗೆದರೆ ಉಳಿದ ಮೂರೂ ತೆರೆಯುತ್ತವೆ, ಹಿಂದಿನ ನಾಬ್ ಎಳೆದರೆ ಆ ಬಾಗಿಲು ಮಾತ್ರ. ಇವಕ್ಕೆಲ್ಲ ಹುಕುಂ ಕೊಡುವುದು ಡ್ಯಾಶ್‌ಬೋರ್ಡ್ ಕೆಳಗೆ ಕಟ್ಟಿದ ಒಂದು ಕಪ್ಪು ಡಬ್ಬಿ.

ನನ್ನ ಪ್ರಶ್ನೆಗೆ ಉತ್ತರ ಆ ಡಬ್ಬಿಯಲ್ಲಿತ್ತು. ರಿಮೋಟಿನಲ್ಲಿ ಅನ್‌ಲಾಕ್ ಒತ್ತಿದ ಮೇಲೆ 30 ಸೆಕೆಂಡಿನೊಳಗೆ ಯಾವ ಬಾಗಿಲೂ ತೆರೆಯದಿದ್ದರೆ, ಇಗ್ನಿಷನ್ನೂ ಆನ್ ಆಗದಿದ್ದರೆ, ಅದು ತಾನಾಗಿ ಮತ್ತೆ ಲಾಕ್ ಮಾಡಿ ಅಲಾರಂ ಎಚ್ಚರದಲ್ಲಿಡುತ್ತದೆ. ಜೇಬಿನಲ್ಲಿ ಗೊತ್ತಿಲ್ಲದೆ ಗುಂಡಿ ಒತ್ತಿಹೋದರೆ ಕಾರು ತೆರೆದೇ ಉಳಿಯಬಾರದು ಅಂತ ಮಾಡಿದ ವ್ಯವಸ್ಥೆ, ಒಳ್ಳೆಯದೇ. ಆದರೆ ಬಾಗಿಲು ತೆರೆದದ್ದು ಡಬ್ಬಿಗೆ ಗೊತ್ತಾಗುವುದು ಹೇಗೆ? ಕ್ಯಾಬಿನ್ ಲೈಟಿನ ವೈರಿನಿಂದ! ಬಾಗಿಲಿನ ಚೌಕಟ್ಟಿನಲ್ಲಿ ರಬ್ಬರ್ ಟೊಪ್ಪಿಗೆಯ ಒಂದು ಪಿನ್ ಸ್ವಿಚ್ ಇರುತ್ತದೆ. ಬಾಗಿಲು ತೆಗೆದಾಗ ಪಿನ್ ಹೊರಗೆ ಬಂದು, ವೈರು ಕಾರಿನ ಮೈಗೆ ಅರ್ತ್ ಆಗಿ ಲೈಟು ಹತ್ತುತ್ತದೆ. ಅಂಗಡಿಯವರು ಆ ವೈರಿಗೇ ಡಬ್ಬಿಯ ವೈರು ಸುತ್ತಿ ಟೇಪ್ ಹಾಕಿದ್ದರು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಡ್ರೈವರ್ ಬಾಗಿಲಿನ ಸ್ವಿಚ್ಚಿನ ಸ್ಕ್ರೂ ತುಕ್ಕು ಹಿಡಿದು ಅರ್ತ್ ತಪ್ಪಿತ್ತು. ಅಲ್ಲಿಗೆ ಲೈಟೂ ಹತ್ತಲಿಲ್ಲ, ಡಬ್ಬಿಗೂ ಬಾಗಿಲು ಕಾಣಲಿಲ್ಲ.

ಹಾಗಾದರೆ ಹಿಂದಿನ ಬಾಗಿಲು ತೆಗೆದಿದ್ದೆನಲ್ಲ ಅಂದೆ. ಅವರು ಹಿಂದಿನ ಬಾಗಿಲಿನ ಚೌಕಟ್ಟು ತೋರಿಸಿ, "ಇಲ್ ನೋಡಿ ಅಕ್ಕೋರೆ, ಸ್ವಿಚ್ಚೇ ಇಲ್ಲ" ಅಂದರು. ನಮ್ಮ ಮಾಡೆಲ್‌ಗೆ ಕಂಪನಿಯವರು ಮುಂದಿನ ಎರಡು ಬಾಗಿಲಿಗಷ್ಟೇ ಕೊಟ್ಟಿದ್ದರು. ಅಂದರೆ ನಾನು ಎರಡು ಬಾಗಿಲು ತೆಗೆದಿದ್ದರೂ ಡಬ್ಬಿಯ ಲೆಕ್ಕದಲ್ಲಿ ಒಂದೂ ತೆರೆದಿರಲಿಲ್ಲ. ಬಕಲ್ ಹಾಕುವಾಗ ಕೇಳಿದ ‘ಚಕ್’ 30 ಸೆಕೆಂಡ್ ಮುಗಿದ ಶಬ್ದ. ಹಿಂದಿನ ಬಾಗಿಲು ತೆರೆದಿದ್ದಾಗಲೇ ಅದರ ನಾಬ್ ಕೆಳಗಿಳಿದಿತ್ತು, ನಾನು ಬಾಗಿಲು ದೂಡಿದಾಗ ಹಾಗೆಯೇ ಲಾಕ್ ಆಗಿ ಕುಳಿತಿತು. ಚಾವಿ ಒಳಗಿದೆಯೋ ಹೊರಗಿದೆಯೋ ತಿಳಿಯುವ ದಾರಿ ಆ ಡಬ್ಬಿಗೆ ಇಲ್ಲವೇ ಇಲ್ಲ. ಕಂಪನಿಯೇ ಸ್ಮಾರ್ಟ್ ಕೀ ಕೊಡುವ ಹೊಸ ಕಾರುಗಳ ಮಾತು ಬೇರೆ.

ಇನ್ನೊಂದನ್ನೂ ತೋರಿಸಿದರು. ಮಳೆಗಾಲದಲ್ಲಿ ವಾರ ನಿಲ್ಲಿಸಿದರೆ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ, ನಾವು ಬ್ಯಾಟರಿಯನ್ನು ಬೈಯುತ್ತಿದ್ದೆವು. ಎಲ್ಲ ಬಂದ್ ಮಾಡಿ ಮೀಟರ್ ಹಿಡಿದರೆ 180 ಮಿಲಿಆಂಪಿಯರ್ ಹರಿಯುತ್ತಿತ್ತು. ಇಂಥ ಕಾರಿಗೆ 50ರ ಒಳಗೆ ಇರಬೇಕು. 180 ಅಂದರೆ ದಿನಕ್ಕೆ ನಾಲ್ಕು ಆಂಪಿಯರ್-ಅವರ್‌ಗಿಂತ ಹೆಚ್ಚು, ನಮ್ಮ 35ರ ಬ್ಯಾಟರಿ ಎಂಟು ದಿನಕ್ಕೆ ಖಾಲಿ. ಟೇಪ್ ಸುತ್ತಿದ ಜೋಡಣೆಗಳೆಲ್ಲ ಒಳಗೆ ಹಸಿರುಗಟ್ಟಿದ್ದವು. ಕತ್ತರಿಸಿ, ಬೆಸುಗೆ ಹಾಕಿ, ಸ್ಲೀವ್ ತೊಡಿಸಿದರು.

ಈಗ ನೀವು ಮಾಡಬೇಕಾದ ಪರೀಕ್ಷೆ. ಚಾವಿ ಕೈಯಲ್ಲೇ ಇರಲಿ, ಮೊದಲು ಡ್ರೈವರ್ ಗಾಜು ಪೂರ್ತಿ ಇಳಿಸಿ. ಕ್ಯಾಬಿನ್ ಲೈಟಿನ ಸ್ವಿಚ್ಚನ್ನು ನಡುವಿನ ಸ್ಥಾನಕ್ಕೆ, ಬಾಗಿಲು ತೆಗೆದರೆ ಹತ್ತುವ ಸ್ಥಾನಕ್ಕೆ ಇಡಿ. ಬಾಗಿಲುಗಳನ್ನೆಲ್ಲ ಹಾಕಿ ರಿಮೋಟಿನಲ್ಲಿ ಲಾಕ್ ಮಾಡಿ, ಅನ್‌ಲಾಕ್ ಒತ್ತಿ, ಒಂದೇ ಒಂದು ಬಾಗಿಲು ತೆಗೆದು ಲೈಟ್ ಹತ್ತಿತೇ ನೋಡಿ. ತೆರೆದೇ ಇಟ್ಟು ಒಂದು ನಿಮಿಷ ಕಾಯಿರಿ. ‘ಚಕ್’ ಅಂದರೆ ಆ ಬಾಗಿಲು ನಿಮ್ಮ ಡಬ್ಬಿಗೆ ಕಾಣುತ್ತಿಲ್ಲ. ಹೀಗೆ ನಾಲ್ಕೂ ಬಾಗಿಲು, ಡಿಕ್ಕಿ ಸಹ. ಡಿಕ್ಕಿಯಲ್ಲಿ ಚಾವಿ ಇಟ್ಟು ಮುಚ್ಚಿ ಪೇಚಾಡಿದವರು ನಮ್ಮ ಶಾಲೆಯಲ್ಲೇ ಇಬ್ಬರಿದ್ದಾರೆ.

ನಮ್ಮ ಕಾರಿಗೆ ಹೊಸ ಪಿನ್ ಸ್ವಿಚ್ ಹಾಕಿ, ಹಿಂದಿನ ಬಾಗಿಲುಗಳಿಗೂ ಕೂರಿಸಿ, ಗ್ರೀಸ್ ಹಚ್ಚಿದ್ದಾರೆ. ತಾನಾಗಿ ಲಾಕ್ ಆಗುವುದನ್ನೇ ತೆಗೆಸಿದ್ದೇನೆ. ನಮ್ಮ ಡಬ್ಬಿಯಲ್ಲಿ ಅದಕ್ಕೊಂದು ಸಣ್ಣ ಲೂಪ್ ವೈರ್ ಇತ್ತು, ಕತ್ತರಿಸಿದರೆ ಮುಗಿಯಿತು. ಎರಡನೇ ಚಾವಿ ಈಗ ಆಯಿಯ ಸೊಂಟದ ಚೀಲದಲ್ಲಿರುತ್ತದೆ. ನಾನು ಪುಟ್ಟಿಯನ್ನು ಕೂರಿಸುವ ಮುಂಚೆ ಮುಂದಿನ ಗಾಜು ಇಳಿಸುತ್ತೇನೆ, ಚಾವಿ ಕುತ್ತಿಗೆಯ ದಾರದಲ್ಲಿ.

ಹುಬ್ಬಳ್ಳಿಯ ಆ ಅಂಗಡಿಗೂ ಹೋಗಿ ನಡೆದದ್ದನ್ನು ಹೇಳಿದೆ. ಮಾಲೀಕರು ಕೇಳಿಸಿಕೊಂಡರು, ಬೇಜಾರೂ ಮಾಡಿಕೊಂಡರು. ಹಿಂದಿನ ಬಾಗಿಲಿಗೆ ಸ್ವಿಚ್ ಯಾಕೆ ಹಾಕಲಿಲ್ಲ, ಲೂಪ್ ವೈರಿನ ವಿಷಯ ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, "ಮೇಡಂ, ಅದನ್ನ ಯಾರೂ ಕೇಳೂದಿಲ್ರಿ" ಅಂದರು. ಸೆಂಟ್ರಲ್ ಲಾಕ್ ಹಾಕಿಸಲು ಹೋದಾಗ ಈ ಎರಡನ್ನು ನೀವು ಕೇಳಿ.